ಕಡಿಮೆ ಖರ್ಚಿನ ಟ್ರ್ಯಾಕೆಬಲ್: ಕಲಬುರಗಿಯಲ್ಲೇ ಮಾಡಿ ದೂರದೂರಿಗೆ ಬಿಡೋಣ

ತೊಗರಿ ನಾಡಿನವ, ಕಲಬುರಗಿ

ನಮಸ್ಕಾರ ರೀ ಎಲ್ಲರಿಗೂ. ಜಿಯೋಕ್ಯಾಶಿಂಗ್ ಅಂದರೆ ಒಬ್ಬರು ಬಚ್ಚಿಟ್ಟ ಡಬ್ಬಿಯನ್ನು ಇನ್ನೊಬ್ಬರು ಜಿಪಿಎಸ್ ಹಿಡಿದು ಹುಡುಕುವ ಆಟ. ನಂಬರ್ ಹಾಕಿಸಿಕೊಂಡು ಡಬ್ಬಿಯಿಂದ ಡಬ್ಬಿಗೆ ಸಾಗುವ ಸಣ್ಣ ವಸ್ತುವೇ ಟ್ರ್ಯಾಕೆಬಲ್. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಈ ಆಟ ಆಡುವವರು ಕಡಿಮೆ. ಆದರೂ ಟ್ರ್ಯಾಕೆಬಲ್ ಮಾತು ಬಂದರೆ ಸಾಕು, ಎಲ್ಲರೂ ದುಡ್ಡಿನ ಹತ್ತಿರ ಬಂದು ನಿಲ್ಲುತ್ತಾರೆ. ಟ್ರಾವೆಲ್ ಬಗ್ ಅನ್ನುವ ಅಧಿಕೃತ ಟ್ರ್ಯಾಕೆಬಲ್ ಟ್ಯಾಗನ್ನು ಹೊರದೇಶದಿಂದ ತರಿಸಿದರೆ ಟ್ಯಾಗಿನ ಬೆಲೆ, ಅದರ ಮೇಲೆ ಕೊರಿಯರ್, ಅದರ ಮೇಲೆ ಕಸ್ಟಮ್ಸ್. ಅಷ್ಟು ಕೊಟ್ಟು ತರಿಸಿದ್ದನ್ನು ಯಾರೋ ಜೇಬಿಗೆ ಹಾಕಿಕೊಂಡು ಹೋದರೆ ಇನ್ನೊಂದನ್ನು ಬಿಡಲು ಕೈ ಬರುವುದಿಲ್ಲ.

ನನ್ನ ಮಾತು ಇಷ್ಟೇ. ಟ್ರ್ಯಾಕೆಬಲ್‌ನಲ್ಲಿ ಮುಖ್ಯವಾದವು ಎರಡು. ನಂಬರ್ ಅಳಿಸಬಾರದು. ಸಿಕ್ಕವರಿಗೆ ಅದನ್ನು ಏನು ಮಾಡಬೇಕು ಅಂತ ತಿಳಿಯಬೇಕು. ದುಡ್ಡು, ಶ್ರಮ ಎಲ್ಲ ಇವೆರಡರ ಮೇಲೆ ಹಾಕಿ. ಉಳಿದದ್ದು ಎಷ್ಟು ಸಾದಾ ಇದ್ದರೂ ನಡೆಯುತ್ತದೆ. ಸಾದಾ ಇದ್ದರೇ ಜಾಸ್ತಿ ದೂರ ಹೋಗುತ್ತದೆ ಅನ್ನುವುದು ನನ್ನ ನಂಬಿಕೆ.

ಮೊದಲು ನಂಬರ್ ವಿಷಯ. ಈ ಆಟದ ಮುಖ್ಯ ಸೈಟ್ ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನ ಕೋಡನ್ನು ದುಡ್ಡು ಕೊಟ್ಟೇ ತರಬೇಕು. ನಮಗೆ ತೋಚಿದ ನಂಬರ್ ಕೆತ್ತಿಸಿದರೆ ಆ ಸೈಟ್ ಒಪ್ಪುವುದಿಲ್ಲ. ಆದರೆ ಪೋಲೆಂಡಿನಲ್ಲಿ ಶುರುವಾದ ಜಿಯೋಕ್ರೆಟಿ ಅಂತ ಇನ್ನೊಂದು ಸೈಟ್ ಇದೆ, ಅದು ಪೂರ್ತಿ ಉಚಿತ. ಖಾತೆ ತೆರೆದು ನಿಮ್ಮ ವಸ್ತುವಿಗೆ ಒಂದು ಹೆಸರು ಕೊಟ್ಟರೆ ಎರಡು ನಂಬರ್ ಸಿಗುತ್ತವೆ. ಜಿಕೆ ಅಂತ ಶುರುವಾಗುವುದು ಎಲ್ಲರೂ ನೋಡಬಹುದಾದ ನಂಬರ್. ಇನ್ನೊಂದು ಆರು ಅಕ್ಷರದ ಗುಟ್ಟಿನ ಕೋಡ್, ವಸ್ತುವನ್ನು ಕೈಯಲ್ಲಿ ಹಿಡಿದವರು ಅದನ್ನು ಹಾಕಿ ದಾಖಲಿಸುತ್ತಾರೆ. ಈ ಕೋಡ್ ಕಾಣುವ ಫೋಟೋವನ್ನು ದಯವಿಟ್ಟು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ವಸ್ತುವನ್ನು ನೋಡದೇ ಇರುವವರೂ ಕೂತಲ್ಲೇ ‘ನೋಡಿದೆ’ ಅಂತ ಬರೆಯಲು ಶುರು ಮಾಡುತ್ತಾರೆ.

ಇನ್ನು ಕೆತ್ತನೆ. ಇದಕ್ಕೆ ಲೇಸರ್ ಅಂಗಡಿ ಹುಡುಕಿಕೊಂಡು ಹೋಗುವುದೇ ಬೇಡ. ನಮ್ಮೂರಲ್ಲಿ ಮದುವೆ, ಮನೆ ಶಾಂತಿ ಅಂದರೆ ಸ್ಟೀಲ್ ಪಾತ್ರೆ ಕೊಡುತ್ತಾರೆ, ಪಾತ್ರೆ ಅಂಗಡಿಯಲ್ಲೇ ಹೆಸರು ಹಾಕಿಸುತ್ತಾರೆ ಅಲ್ವಾ? ಗುರ್ರ್ ಅನ್ನುವ ಆ ಸಣ್ಣ ಕರೆಂಟಿನ ಮಷಿನ್ನೇ ನಮಗೆ ಬೇಕಾದದ್ದು. ಹಾರ್ಡ್‌ವೇರ್ ಅಂಗಡಿಯಿಂದ ಸ್ಟೇನ್‌ಲೆಸ್ ಸ್ಟೀಲ್ ವಾಷರ್ ತೆಗೆದುಕೊಳ್ಳಿ. 16 ಮಿಲಿಮೀಟರ್ ಬೋಲ್ಟಿಗೆ ಹಾಕುವ ಎಂ16 ವಾಷರ್ 30 ಮಿಲಿಮೀಟರ್ ಅಗಲ ಇರುತ್ತದೆ, ಆರು ಅಕ್ಷರ ಅದರ ಸುತ್ತ ಆರಾಮಾಗಿ ಕೂರುತ್ತವೆ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆಯ ಪಾತ್ರೆ ಅಂಗಡಿಯಲ್ಲಿ ಕೇಳಿ ನೋಡಿ, ಪಾತ್ರೆ ಕೊಂಡರೆ ಎಷ್ಟೋ ಸಲ ಕೆತ್ತನೆಗೆ ದುಡ್ಡೂ ತೆಗೆದುಕೊಳ್ಳುವುದಿಲ್ಲ. ಕೋಡನ್ನು ಬಾಯಲ್ಲಿ ಹೇಳಬೇಡಿ, ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಕೊಡಿ. ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ, ಒಂದಕ್ಕೂ ಐ ಅಕ್ಷರಕ್ಕೂ ಕೈಬರಹದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಸೊನ್ನೆ ಇದ್ದರೆ ನಡುವೆ ಓರೆ ಗೀಟು ಹಾಕಿಸಿ.

ವಾಷರ್ ಕೊಳ್ಳುವಾಗ ಮ್ಯಾಗ್ನೆಟ್ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಸಾದಾ ಕಬ್ಬಿಣ ಇರಬಹುದು, ಒಂದು ಮಳೆಗಾಲಕ್ಕೆ ಜಂಗು ಹಿಡಿದು ಕೋಡ್ ಓದಲು ಬರುವುದಿಲ್ಲ. 304 ಅನ್ನುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆದರೆ ಹೆಚ್ಚು ಕಡಿಮೆ ಅಂಟುವುದೇ ಇಲ್ಲ.

ಭೀಮಾ ತೀರ, ಯಾದಗಿರಿ

ಅಣ್ಣಾ, ನಾನು ಈ ಆಟಕ್ಕೆ ಹೊಸಬ. ಟ್ರ್ಯಾಕೆಬಲ್ ಅಂದರೆ ಒಳಗೆ ಜಿಪಿಎಸ್ ಚಿಪ್, ಸಿಮ್ ಏನಾದರೂ ಇರುತ್ತದಾ? ಬರೀ ವಾಷರ್ ಆದರೆ ಅದು ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ?

ತೊಗರಿ ನಾಡಿನವ, ಕಲಬುರಗಿ

ಚಿಪ್ ಇಲ್ಲ, ಬ್ಯಾಟರಿ ಇಲ್ಲ, ಏನೂ ಇಲ್ಲ ತಮ್ಮಾ. ಸಿಕ್ಕವರು ಸೈಟಿಗೆ ಹೋಗಿ ಕೋಡ್ ಹಾಕಿ ‘ಈ ಡಬ್ಬಿಯಿಂದ ತೆಗೆದೆ’ ಅಂತ ಬರೆಯುತ್ತಾರೆ, ಮುಂದೆ ಇನ್ನೊಂದು ಡಬ್ಬಿಯಲ್ಲಿ ಇಟ್ಟಾಗ ‘ಇಲ್ಲಿ ಬಿಟ್ಟೆ’ ಅಂತ ಬರೆಯುತ್ತಾರೆ. ಸೈಟ್ ಆ ಎರಡು ಜಾಗದ ನಡುವೆ ಗೆರೆ ಎಳೆದು ದೂರ ಲೆಕ್ಕ ಹಾಕುತ್ತದೆ. ಪೂರ್ತಿ ಜನರ ನಂಬಿಕೆಯ ಮೇಲೆ ನಡೆಯುವ ಆಟ ಇದು, ನನಗೆ ಇದರಲ್ಲಿ ಇಷ್ಟವಾದದ್ದೂ ಅದೇ.

2000ದ ಮೇ ತಿಂಗಳಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಮೊದಲ ಡಬ್ಬಿ ಇಟ್ಟರು, ಮರುವರ್ಷವೇ ಟ್ರಾವೆಲ್ ಬಗ್ ಬಂತು. ಈಗ ಮಂಗಳ ಗ್ರಹದ ಮೇಲೂ ಒಂದು ಟ್ರ್ಯಾಕೆಬಲ್ ಇದೆ. 2021ರ ಫೆಬ್ರವರಿಯಲ್ಲಿ ಅಲ್ಲಿ ಇಳಿದ ಪರ್ಸೆವರೆನ್ಸ್ ರೋವರ್‌ನಲ್ಲಿ ಶೆರ್ಲಾಕ್ ಅಂತ ಒಂದು ಉಪಕರಣ ಇದೆ. ಆ ಉಪಕರಣ ಸರಿಯಾಗಿ ಅಳೆಯುತ್ತಿದೆಯೇ ಅಂತ ನೋಡಿಕೊಳ್ಳಲು ಇರುವ ಫಲಕದ ಒಂದು ಬಿಲ್ಲೆಯ ಮೇಲೆ ಕೋಡ್ ಹಾಕಿದ್ದಾರೆ. ರೋವರ್ ಕಳಿಸಿದ ಫೋಟೋ ನೋಡಿ ಆ ಕೋಡ್ ಹುಡುಕಿ ಭೂಮಿಯ ಮೇಲೆ ಜನ ದಾಖಲಿಸಿದರು. ಅದಕ್ಕೂ ಬೇಕಾದದ್ದು ಓದಲು ಬರುವ ಅಕ್ಷರ ಅಷ್ಟೇ.

ಚೌಬಾರಾ, ಬೀದರ್

ಅಣ್ಣಾ, ವಾಷರ್ ಸರಿ. ಆದರೆ ನಮ್ಮ ಕಡೆಯಿಂದ ಹೋಗುವ ವಸ್ತುವಿನಲ್ಲಿ ನಮ್ಮ ಊರು ಕಾಣಬೇಡವೇ? ವಾಷರ್ ಸೋಲಾಪುರದಿಂದಲೂ ಹೋಗಬಹುದು, ಸಿಂಗಾಪುರದಿಂದಲೂ ಹೋಗಬಹುದು. ನನ್ನ ಆಸೆ ಬಿದರಿ ಬಿಲ್ಲೆ ಮಾಡಿಸಿ ಬಿಡಬೇಕು ಅಂತ. ತುಂಬಾ ಬೆಳ್ಳಿ ಬೇಡ, ಒಂದು ಎಲೆ ಅಥವಾ ಒಂದು ಚುಕ್ಕಿಯಷ್ಟು ತಂತಿ ಕೂರಿಸಿದರೆ ಸಾಕು. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಉಳಿಯಲ್ಲಿ ಕೆತ್ತಿ, ಬೆಳ್ಳಿ ಬಡಿದು, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಹಾಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅದನ್ನು ನೋಡಿದವರಿಗೆ ನಮ್ಮೂರಿನ ಹೆಸರು ಹೇಳುವುದೇ ಬೇಕಾಗಿಲ್ಲ. ಜರ್ಮನಿಯಲ್ಲಿ ಯಾರೋ ಒಬ್ಬರು ಕಾಡಿನಲ್ಲಿ ಡಬ್ಬಿ ತೆರೆದು ಅದನ್ನು ಹಿಡಿದು ನೋಡುವುದನ್ನು ನೆನೆಸಿಕೊಂಡರೇ ಖುಷಿಯಾಗುತ್ತದೆ.

ತೊಗರಿ ನಾಡಿನವ, ಕಲಬುರಗಿ

ಅಕ್ಕಾರೇ, ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೂ ನಾನು ಬೇಡ ಅನ್ನುತ್ತೇನೆ. ಕಾರಣ ಹೇಳುತ್ತೇನೆ ಕೇಳಿ.

ಚೆಂದದ ವಸ್ತು ಬೇಗ ಮಾಯವಾಗುತ್ತದೆ. ಜಗತ್ತಿನ ತುಂಬ ಜಿಯೋಕಾಯಿನ್, ಅಂದರೆ ನಾಣ್ಯದ ರೂಪದ ಟ್ರ್ಯಾಕೆಬಲ್ ಬಿಟ್ಟವರ ಗೋಳು ಇದೇ. ಹೊಳೆಯುವ ನಾಣ್ಯ ಒಂದೆರಡು ಡಬ್ಬಿ ದಾಟುವುದರೊಳಗೆ ಯಾರದೋ ಶೋಕೇಸ್ ಸೇರುತ್ತದೆ. ಕಳ್ಳತನ ಅಂತಲೇ ಅಲ್ಲ, ಡಬ್ಬಿಯೊಳಗಿನ ಬೇರೆ ಆಟಿಕೆಗಳ ಹಾಗೆ ಇದನ್ನೂ ಇಟ್ಟುಕೊಳ್ಳಬಹುದು ಅಂದುಕೊಳ್ಳುವ ಮಕ್ಕಳೂ ಇರುತ್ತಾರೆ. ಇನ್ನೊಂದು, ಬಿದರಿಯ ಲೋಹದಲ್ಲಿ ಸತುವೇ ಜಾಸ್ತಿ. ಸುತ್ತಿಗೆ ಹಿಡಿದು ಅಕ್ಷರದ ಪಂಚ್ ಹೊಡೆದರೆ ಸೀಳು ಬಿಡಬಹುದು. ಒದ್ದೆ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಆ ಕಪ್ಪು ಬಣ್ಣವೂ ಕೆಡುತ್ತದೆ. ಅಷ್ಟು ಕೈಕೆಲಸ ಮಾಡಿದ ಕುಶಲಕರ್ಮಿಯ ಶ್ರಮ ಹಾಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಅದಕ್ಕೆ ಒಂದು ದಾರಿ ಇದೆ. ಸೈಟಿನಲ್ಲಿ ಬಿದರಿ ಬಿಲ್ಲೆಯ ಹೆಸರಿನಲ್ಲೇ ಪುಟ ಮಾಡಿ, ಒಳ್ಳೆ ಫೋಟೋ ಹಾಕಿ, ಕಪ್ಪಾಗುವ ಬಗೆಯನ್ನೆಲ್ಲ ವಿವರವಾಗಿ ಬರೆಯಿರಿ. ಬಿಲ್ಲೆ ಮನೆಯಲ್ಲಿರಲಿ. ಅದೇ ಕೋಡ್ ಕೆತ್ತಿದ ಸ್ಟೀಲ್ ವಾಷರ್ ಊರೂರು ತಿರುಗಲಿ. ಜಿಯೋಕಾಯಿನ್ ಇರುವ ಹಳಬರು ಬಹಳ ಜನ ಹೀಗೇ ಮಾಡುತ್ತಾರೆ. ಆದರೆ ಒಂದು ಕೋಡಿನ ಎರಡು ವಸ್ತು ಒಂದೇ ಸಮಯಕ್ಕೆ ಹೊರಗೆ ಇರಬಾರದು, ಇದು ನೆನಪಿರಲಿ.

ಚೌಬಾರಾ, ಬೀದರ್

ಪಂಚ್ ವಿಷಯ ಒಪ್ಪಿದೆ. ಆದರೆ ಎಲ್ಲವನ್ನೂ ಮನೆಯಲ್ಲಿ ಇಟ್ಟುಕೊಂಡರೆ ಬಿದರಿಯನ್ನು ಹೊರಗಿನವರು ಕೈಯಲ್ಲಿ ಹಿಡಿಯುವುದು ಯಾವಾಗ? ಫೋಟೋಗೂ ವಸ್ತುವಿಗೂ ವ್ಯತ್ಯಾಸ ಇದೆ. ನಾನು ಹೀಗೆ ಮಾಡುತ್ತೇನೆ: ವಾಷರ್ ಡಬ್ಬಿಗಳಲ್ಲಿ ತಿರುಗಲಿ, ಬಿದರಿ ಬಿಲ್ಲೆಗೆ ಬೇರೆ ಕೋಡ್ ತೆಗೆದುಕೊಂಡು ಅದನ್ನು ಜಿಯೋಕ್ಯಾಶಿಂಗ್ ಮಿಲನಗಳಿಗೆ ಮಾತ್ರ ಒಯ್ದು, ಎಲ್ಲರ ಕೈಗೂ ಕೊಟ್ಟು ವಾಪಸ್ ತರುತ್ತೇನೆ. ನೋಡಿದವರು ‘ನೋಡಿದೆ’ ಅಂತ ದಾಖಲಿಸಲಿ. ಅಕ್ಷರವನ್ನು ಕೆತ್ತುವ ಉಳಿಯಲ್ಲೇ ಕೆತ್ತಿಸುತ್ತೇನೆ, ಪಂಚ್ ಬೇಡ.

ತೊಗರಿ ನಾಡಿನವ, ಕಲಬುರಗಿ

ಇದು ನಾನು ಹೇಳಿದ್ದಕ್ಕಿಂತ ಚೆನ್ನಾಗಿದೆ ಅಕ್ಕಾ. ಹೀಗೇ ಮಾಡಿ.

ಇಂಜಿನಿಯರಿಂಗ್ ಹುಡುಗ, ಬೀದರ್

ವಾಷರ್ ಬಿಟ್ಟು ಹಿತ್ತಾಳೆ ತಗಡಿನಲ್ಲಿ ಮಾಡಬೇಕು ಅನ್ನುವವರಿಗೆ: ನಾವು ಕಾಲೇಜಿನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವ ರೀತಿಯಲ್ಲೇ ಇದನ್ನೂ ಮಾಡಬಹುದು. ಕೋಡ್ ಮತ್ತು ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಲೇಸರ್ ಪ್ರಿಂಟರ್‌ನಲ್ಲಿ ನುಣುಪು ಕಾಗದದ ಮೇಲೆ ತೆಗೆಯಿರಿ. ತಗಡನ್ನು ಸಣ್ಣ ಎಮರಿ ಪೇಪರ್‌ನಲ್ಲಿ ಉಜ್ಜಿ ಜಿಡ್ಡು ತೆಗೆದು, ಕಾಗದ ಇಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿದರೆ ಕಪ್ಪು ಪುಡಿ ತಗಡಿಗೆ ಅಂಟುತ್ತದೆ. ನೀರಲ್ಲಿ ನೆನೆಸಿ ಕಾಗದ ಬಿಡಿಸಿ. ಹಿಂಬದಿಗೆ ಟೇಪ್ ಸುತ್ತಿ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಹಾಕಿದರೆ ತೆರೆದ ಭಾಗ ಮಾತ್ರ ಕೊರೆಯುತ್ತದೆ. ದ್ರಾವಣ ಬೆಚ್ಚಗಿದ್ದರೆ ಕೆಲಸ ಬೇಗ ಆಗುತ್ತದೆ, ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಬೇರೆ ಕಾಯಿಸುವುದೇ ಬೇಡ.

ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಸ್ಟೀಲ್ ಪಾತ್ರೆಯಲ್ಲಂತೂ ಮಾಡಲೇಬೇಡಿ, ದ್ರಾವಣ ಅದನ್ನೂ ತಿನ್ನುತ್ತದೆ, ಪ್ಲಾಸ್ಟಿಕ್ ಡಬ್ಬಿ ಸಾಕು. ಉಳಿದ ದ್ರಾವಣವನ್ನು ಮೋರಿಗೆ, ಹೊಲಕ್ಕೆ, ಬಾವಿ ಹತ್ತಿರ ಚೆಲ್ಲಬೇಡಿ. ಅದರಲ್ಲಿ ತಾಮ್ರ ಸೇರಿರುತ್ತದೆ. ಮುಚ್ಚಳದ ಬಾಟಲಿಯಲ್ಲಿ ಇಟ್ಟು ಮತ್ತೆ ಬಳಸಿ, ಹಳತಾದದ್ದನ್ನು ಯಾವುದಾದರೂ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನವರನ್ನು ಕೇಳಿ ಕೊಡಿ.

ಕ್ಯೂಆರ್ ಕೋಡ್ ಹಾಕುವವರು ಅದರ ದೋಷ ತಿದ್ದುವ ಮಟ್ಟವನ್ನು ಎಚ್‌ಗೆ ಇಡಿ. ಸುಮಾರು 30 ಶೇಕಡಾ ಕೆಟ್ಟರೂ ಮೊಬೈಲ್ ಓದುತ್ತದೆ. ಎಲ್ ಮಟ್ಟದಲ್ಲಿ ಬರೀ 7 ಶೇಕಡಾ. ಆದರೆ ಎಚ್ ಇಟ್ಟರೆ ಚೌಕಗಳು ಜಾಸ್ತಿ ಆಗುತ್ತವೆ, ಎರಡು ಸೆಂಟಿಮೀಟರ್‌ಗಿಂತ ಸಣ್ಣದು ಮಾಡಬೇಡಿ. ಕ್ಯೂಆರ್ ಇದ್ದರೂ ಆರು ಅಕ್ಷರ ಪಕ್ಕದಲ್ಲಿ ಇರಲೇಬೇಕು.

ಪುಸ್ತಕದ ಮನೆ, ಕಲಬುರಗಿ

ನಾನು ಚೀಟಿಯ ಬಗ್ಗೆ ಹೇಳಬೇಕು. ವಾಷರ್ ಮೇಲೆ ಕೋಡ್ ಇದ್ದರೆ ಸಾಲದು, ಜೊತೆಗೆ ಒಂದು ಚೀಟಿ ಇರಲೇಬೇಕು. ಜಿಯೋಕ್ಯಾಶಿಂಗ್ ಆ್ಯಪ್ ನೋಡಿಕೊಂಡು ಬಂದವರಿಗೆ ಜಿಯೋಕ್ರೆಟಿ ಅಂದರೆ ಏನು ಅಂತಲೇ ಗೊತ್ತಿರುವುದಿಲ್ಲ, ಯಾಕೆಂದರೆ ಆ ಡಬ್ಬಿಯ ಪುಟದಲ್ಲಿ ನಮ್ಮ ವಸ್ತು ಕಾಣುವುದೇ ಇಲ್ಲ. ಚೀಟಿಯಲ್ಲಿ ಮೂರೇ ಮಾತು ಇರಲಿ: ನಾನು ಪ್ರಯಾಣ ಮಾಡುವ ವಸ್ತು, ನನ್ನನ್ನು ಇಟ್ಟುಕೊಳ್ಳಬೇಡಿ, ಈ ಸೈಟಿನಲ್ಲಿ ಕೋಡ್ ಹಾಕಿ ಮುಂದಿನ ಡಬ್ಬಿಗೆ ಸಾಗಿಸಿ. ಬದಲಿಗೆ ಏನನ್ನೂ ಇಡಬೇಕಾಗಿಲ್ಲ ಅಂತಲೂ ಬರೆಯಿರಿ, ಕೆಲವರು ಕೊಡಲು ಏನೂ ಇಲ್ಲ ಅಂತ ಮುಟ್ಟದೇ ಬಿಡುತ್ತಾರೆ. ಭಾಷೆ ಇಂಗ್ಲಿಷ್ ಇರಲೇಬೇಕು, ಜೊತೆಗೆ ಕನ್ನಡ. ನಮ್ಮ ಕಡೆ ತಿರುಗುವಂಥದ್ದಾದರೆ ಉರ್ದು, ಮರಾಠಿ, ತೆಲುಗಿನಲ್ಲೂ ಒಂದೊಂದು ಸಾಲು ಹಾಕಿ. ಹುಮನಾಬಾದ್ ದಾಟಿದರೆ ಒಂದು ಭಾಷೆ, ಜಹೀರಾಬಾದ್ ದಾಟಿದರೆ ಇನ್ನೊಂದು.

ಲ್ಯಾಮಿನೇಷನ್‌ನಲ್ಲಿ ಒಂದು ಸೂಕ್ಷ್ಮ ಇದೆ. ಚೀಟಿಯನ್ನು ಮೊದಲೇ ಅಳತೆಗೆ ಕತ್ತರಿಸಿ, ಆಮೇಲೆ ಲ್ಯಾಮಿನೇಟ್ ಮಾಡಿಸಿ, ಸುತ್ತ ಮೂರು ನಾಲ್ಕು ಮಿಲಿಮೀಟರ್ ಬರೀ ಪ್ಲಾಸ್ಟಿಕ್ ಬಿಡಿ. ಉಂಗುರದ ತೂತನ್ನು ಆ ಪ್ಲಾಸ್ಟಿಕ್ ಭಾಗದಲ್ಲೇ ಹಾಕಬೇಕು, ಅದಕ್ಕೆ ಆ ಕಡೆ ಅಂಚು ಸ್ವಲ್ಪ ಅಗಲ ಇರಲಿ. ಕಾಗದದ ಮೇಲೆ ತೂತು ಹೊಡೆದರೆ ನೀರು ಅಲ್ಲಿಂದಲೇ ಒಳಗೆ ಹೋಗಿ ಚೀಟಿ ಹಾಳಾಗುತ್ತದೆ. ಪ್ರಿಂಟ್ ಲೇಸರ್ ಪ್ರಿಂಟರ್‌ನದ್ದೇ ಇರಲಿ, ಇಂಕ್‌ಜೆಟ್ ಬಣ್ಣ ಒಂದು ಹನಿ ತಾಗಿದರೆ ಹರಡಿಕೊಳ್ಳುತ್ತದೆ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ, ನಮ್ಮ ಬಿಸಿಲಿಗೆ ಕರಗಿ ಅಂಟಿಕೊಳ್ಳುತ್ತದೆ.

ಇನ್ನೊಂದು ಮಾತು. ಜಿಯೋಕ್ರೆಟಿಯಲ್ಲಿ ಪುಸ್ತಕವನ್ನೂ ನೋಂದಾಯಿಸಬಹುದು. ಮೊದಲ ಪುಟದಲ್ಲಿ ಚೀಟಿ ಅಂಟಿಸಿ ಹಳೆಯ ಕನ್ನಡ ಪುಸ್ತಕವನ್ನು ಪ್ರಯಾಣಕ್ಕೆ ಬಿಡಬಹುದು. ಖರ್ಚು ಬರೀ ಅಂಟಿನದ್ದು.

ಭೀಮಾ ತೀರ, ಯಾದಗಿರಿ

ಹಾಗಾದರೆ ಸಣ್ಣ ಬಾಟಲಿಯಲ್ಲಿ ನಮ್ಮ ತೊಗರಿ ಬೇಳೆ ತುಂಬಿ ಬಿಡಬಹುದಾ? ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಬೇರೆ ಬಂದಿದೆ. ಇಲ್ಲ ಅಂದರೆ ಶಹಾಬಾದ್ ಕಲ್ಲಿನ ತುಂಡು?

ತೊಗರಿ ನಾಡಿನವ, ಕಲಬುರಗಿ

ಬೇಳೆ ಬೇಡ. ತಿನ್ನುವ ವಸ್ತುವನ್ನು ಡಬ್ಬಿಯಲ್ಲಿ ಇಡಬಾರದು ಅಂತ ನಿಯಮವೇ ಇದೆ. ಇಲಿ, ಇರುವೆ ಬಂದು ಡಬ್ಬಿಯನ್ನೇ ಹಾಳು ಮಾಡುತ್ತವೆ. ಕಾಳು ಹೊರದೇಶಕ್ಕೆ ಹೋದರೆ ಕಸ್ಟಮ್ಸ್‌ನಲ್ಲೂ ತಕರಾರು.

ಶಹಾಬಾದ್ ಕಲ್ಲು ಒಳ್ಳೆಯ ವಿಚಾರ. ಪಾಲಿಶ್ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ಚೂರು ಸುಮ್ನೆ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಐದು ಸೆಂಟಿಮೀಟರ್ ಉದ್ದ, ಮೂರು ಅಗಲ, ಒಂದು ದಪ್ಪ ಅಂದರೂ 40 ಗ್ರಾಂ ತೂಗುತ್ತದೆ. ಅದಕ್ಕಿಂತ ದೊಡ್ಡದನ್ನು ಯಾರೂ ಬ್ಯಾಗಿನಲ್ಲಿ ಒಯ್ಯುವುದಿಲ್ಲ. ಇನ್ನೊಂದು ಆಸೆ ನನಗೆ ಇದೆ, ಕಾರ ಹುಣ್ಣಿಮೆಗೆ ಎತ್ತಿಗೆ ಕಟ್ಟುವ ಗೆಜ್ಜೆ. ಒಂದೇ ಒಂದು ಗೆಜ್ಜೆ, ಒಂದು ವಾಷರ್, ಒಂದು ಉಂಗುರ. ಬೆಲೆ ಜಾಸ್ತಿ ಇಲ್ಲ, ಊರಿನ ಗುರುತೂ ಆಯಿತು.

ಗಾತ್ರದ ಬಗ್ಗೆ ಹೇಳಲೇಬೇಕು. 100 ಮಿಲಿಲೀಟರ್‌ಗಿಂತ ಸಣ್ಣ ಡಬ್ಬಿಯನ್ನು ಮೈಕ್ರೋ ಅನ್ನುತ್ತಾರೆ, ಊರೊಳಗೆ ಅಂಥವೇ ಜಾಸ್ತಿ. ಅದರಲ್ಲಿ ಕಲ್ಲು, ಗೆಜ್ಜೆ ಹಿಡಿಸುವುದಿಲ್ಲ, ಹೆಚ್ಚೆಂದರೆ ಬರೀ ವಾಷರ್ ಹಿಡಿಸಬಹುದು. 100 ಮಿಲಿಲೀಟರ್‌ನಿಂದ ಒಂದು ಲೀಟರ್ ತನಕದ ಡಬ್ಬಿಗೆ ಸ್ಮಾಲ್ ಅನ್ನುತ್ತಾರೆ, ಗೆಜ್ಜೆ ಬಿಡುವವರು ಅದನ್ನು ಹುಡುಕಿ.

ವಾಡಿ ಜಂಕ್ಷನ್

ಮಾಡುವುದು ಆಯಿತು, ಬಿಡುವುದು ಎಲ್ಲಿ? ನಮ್ಮ ಮೂರು ಜಿಲ್ಲೆಯಲ್ಲೇ ಬಿಟ್ಟರೆ ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ಕೂತಿರುತ್ತದೆ. ಹೈದರಾಬಾದ್, ಬೆಂಗಳೂರು, ಪುಣೆ, ಮುಂಬೈ ಕಡೆ ಆಡುವವರು ಜಾಸ್ತಿ, ಹೊರದೇಶದವರೂ ಬರುತ್ತಾರೆ. ನಾವು ಮುಂಬೈ–ಚೆನ್ನೈ ರೈಲು ದಾರಿಯ ಮೇಲೇ ಇದ್ದೇವೆ. ಊರಿನಿಂದ ಯಾರಾದರೂ ಹೊರಟರೆ ಅವರ ಕೈಯಲ್ಲಿ ಕೊಟ್ಟು ಕಳಿಸಿ, ಅಲ್ಲಿನ ಸ್ಮಾಲ್ ಡಬ್ಬಿಯಲ್ಲಿ ಇಡಲಿ.

ಈಗ ಗಂಭೀರ ವಿಷಯ. ಹೊಸ ಹುಡುಗರು ಡಬ್ಬಿ ಇಡುವ ಉತ್ಸಾಹದಲ್ಲಿ ಕೋಟೆಗೆ ಹೋಗಬೇಡಿ. ಕಲಬುರಗಿ ಕೋಟೆ, ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು ಎಲ್ಲ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯ್ದೆಯ ಪ್ರಕಾರ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ. ಕಲ್ಲಿನ ಸಂದಿಯಲ್ಲಿ ಡಬ್ಬಿ ತುರುಕಿದರೆ ಹುಡುಕಲು ಬಂದವರು ಸುತ್ತಲಿನ ಕಲ್ಲನ್ನೂ ಅಲುಗಾಡಿಸುತ್ತಾರೆ. ಸನ್ನತಿ, ಕನಗನಹಳ್ಳಿಯಂಥ ಜಾಗಕ್ಕೂ ಇದೇ ಮಾತು. ರೈಲು ನಿಲ್ದಾಣ, ಬಸ್ ನಿಲ್ದಾಣ, ವಿಮಾನ ನಿಲ್ದಾಣ, ಬೀದರಿನ ವಾಯುಪಡೆ ಕೇಂದ್ರದ ಸುತ್ತಮುತ್ತ ಅಂತೂ ಬೇಡವೇ ಬೇಡ. ಗುರುತಿಲ್ಲದ ಡಬ್ಬಿ ಕಂಡರೆ ಪೊಲೀಸರು ಬಾಂಬ್ ದಳವನ್ನೇ ಕರೆಯುತ್ತಾರೆ, ಅದು ಅವರ ಕೆಲಸ.

ಒಪ್ಪಿಗೆ ಕೊಡುವ ಮಾಲೀಕರು ಇರುವ ಜಾಗ ನೋಡಿ. ಗೆಳೆಯರ ಹೊಲದ ಬದು, ಪರಿಚಯದವರ ಹೋಟೆಲ್ ಅಂಗಳ, ಯಾವುದಾದರೂ ವಾಚನಾಲಯ. ನೆಲ ಅಗೆದು ಹೂಳಬಾರದು, ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರ ಇರಬೇಕು.

ಚೌಬಾರಾ, ಬೀದರ್

ಇದನ್ನು ಎಲ್ಲರೂ ಓದಬೇಕು. ನಮ್ಮ ಕೋಟೆಯನ್ನು ತೋರಿಸಲೇಬೇಕು ಅನ್ನುವವರು ಡಬ್ಬಿ ಇಲ್ಲದ, ಆ ಜಾಗದ ನೆಲ ಮತ್ತು ಕಲ್ಲಿನ ಪಾಠ ಹೇಳುವ ಅರ್ಥ್‌ಕ್ಯಾಶ್ ಮಾಡಬಹುದು. ಬೀದರ್ ಊರು ಕೂತಿರುವುದೇ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ, ಕೋಟೆಯ ಕಂದಕವನ್ನು ಕೊರೆದದ್ದೂ ಅದೇ ಕಲ್ಲಿನಲ್ಲಿ. ಆ ಕಲ್ಲು ಹೇಗೆ ಆಯಿತು ಅನ್ನುವ ಪಾಠ ಬರೆದು, ಇಲಾಖೆಯವರನ್ನು ಕೇಳಿಕೊಂಡೇ ಮಾಡಬೇಕು. ಅಲ್ಲಿ ಟ್ರ್ಯಾಕೆಬಲ್ ಬಿಡಲು ಬರುವುದಿಲ್ಲ, ಜೊತೆಗೆ ಒಯ್ದು ‘ಇಲ್ಲಿಗೆ ಬಂದಿತ್ತು’ ಅಂತ ದಾಖಲಿಸಬಹುದು.

ಇಂಜಿನಿಯರಿಂಗ್ ಹುಡುಗ, ಬೀದರ್

ಒಂದು ಪ್ರಶ್ನೆ. ವಸ್ತುವಿಗೆ ಗುರಿ ಕೊಡಬೇಕಾ? ಯಾರೋ ತೆಗೆದುಕೊಂಡು ಹೋಗಿ ತಿಂಗಳುಗಟ್ಟಲೆ ಸುದ್ದಿ ಇಲ್ಲ ಅಂದರೆ ಏನು ಮಾಡಬೇಕು?

ತೊಗರಿ ನಾಡಿನವ, ಕಲಬುರಗಿ

ಗುರಿ ಕೊಟ್ಟರೆ ಒಯ್ಯುವವರಿಗೆ ಹುರುಪು ಬರುತ್ತದೆ. ಆದರೆ ‘ಲಂಡನ್‌ಗೆ ಹೋಗಬೇಕು’ ಅಂತ ಬರೆದರೆ ಲಂಡನ್‌ಗೆ ಹೋಗದವರು ಮುಟ್ಟುವುದೇ ಇಲ್ಲ. ಯಾರು ಬೇಕಾದರೂ ನೆರವೇರಿಸಬಹುದಾದ ಗುರಿ ಕೊಡಿ. ಗೆಜ್ಜೆ ಆದರೆ ‘ದನ, ಎತ್ತು ಇರುವ ಊರುಗಳನ್ನು ನೋಡಬೇಕು, ಒಂದು ಫೋಟೋ ಹಾಕಿ’ ಅನ್ನಬಹುದು. ಕಲ್ಲು ಆದರೆ ‘ನಿಮ್ಮ ಊರಿನ ಕಲ್ಲಿನ ಪಕ್ಕ ಇಟ್ಟು ಫೋಟೋ ತೆಗೆಯಿರಿ’. ಪುಟದಲ್ಲಿ ಇಂಗ್ಲಿಷ್ ಸರಳವಾಗಿರಲಿ, ಕೆಳಗೆ ಕನ್ನಡವೂ ಇರಲಿ.

ಸುದ್ದಿ ನಿಂತರೆ ಮೊದಲು ಕಾಯಿರಿ. ಸಾಮಾನ್ಯವಾಗಿ ಎರಡು ವಾರದೊಳಗೆ ಮುಂದಕ್ಕೆ ಸಾಗಿಸುವುದು ರೂಢಿ, ಆದರೆ ಜನರಿಗೆ ಪರೀಕ್ಷೆ, ಕಾಯಿಲೆ, ಮನೆ ಕೆಲಸ ಇರುತ್ತವೆ. ಒಂದೆರಡು ತಿಂಗಳಾದ ಮೇಲೆ ಸೈಟಿನ ಮೂಲಕವೇ ಮರ್ಯಾದೆಯಿಂದ ಒಂದು ಸಂದೇಶ ಕಳಿಸಿ: ವಸ್ತು ನಿಮ್ಮ ಹತ್ತಿರ ಇದ್ದರೆ ನಿಮಗೆ ಅನುಕೂಲವಾದ ಯಾವ ಡಬ್ಬಿಯಲ್ಲಾದರೂ ಇಡಿ, ಆಗದಿದ್ದರೆ ಹತ್ತಿರದ ಇನ್ನೊಬ್ಬ ಆಟಗಾರರಿಗೆ ಕೊಡಿ. ಬೈಯುವ ಧಾಟಿ ಬೇಡ, ಬೈಸಿಕೊಂಡವರು ವಾಪಸ್ ಇಡುವುದಿಲ್ಲ. ಅದಕ್ಕೂ ಉತ್ತರ ಬರದಿದ್ದರೆ ಕಳೆದುಹೋಗಿದೆ ಅಂತ ಗುರುತು ಹಾಕಿ, ಅದೇ ಕೋಡನ್ನು ಹೊಸ ವಾಷರ್ ಮೇಲೆ ಕೆತ್ತಿಸಿ ಮತ್ತೆ ಬಿಡಿ. ಹಳೆಯದು ಸಿಕ್ಕಿತು ಅಂತ ಆಮೇಲೆ ಯಾರಾದರೂ ಬರೆದರೆ ಎರಡರಲ್ಲಿ ಒಂದನ್ನು ವಾಪಸ್ ತರಿಸಿಕೊಳ್ಳಿ.

ವಾಡಿಯವರೇ, ನಿಮ್ಮ ಕಡೆಯಿಂದ ಮುಂದಿನ ತಿಂಗಳು ಹೈದರಾಬಾದಿಗೆ ಹೋಗುವವರು ಯಾರಾದರೂ ಇದ್ದರೆ ಇಲ್ಲಿ ಬರೆಯಿರಿ. ಗೆಜ್ಜೆ, ವಾಷರ್, ಚೀಟಿ ಎಲ್ಲ ಕಟ್ಟಿ ಸ್ಟೇಷನ್‌ಗೆ ತಂದು ಕೈಗೆ ಕೊಡುತ್ತೇನೆ. ಬೀದರಿನವರು ಕೋಡ್ ಕೆತ್ತಿಸುವ ಮೊದಲು ಚೀಟಿಯ ಉರ್ದು ಸಾಲನ್ನು ಒಂದು ಸಲ ತಿದ್ದಿ ಕೊಟ್ಟರೆ ಎಲ್ಲರಿಗೂ ಅದೇ ಮಾದರಿ ಹಂಚಬಹುದು.